ಇಲವಾಲದ ಬಸ್ಸಿನಲ್ಲಿ ಒಂದು ತೊಟ್ಟಿಲು

ಮೈಸೂರಿನ ಸಿಟಿ ಬಸ್ ನಿಲ್ದಾಣ. ಇಲವಾಲದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕೆಸರೆಯ ಅಜ್ಜಿಯೊಬ್ಬರು ಮರದ ತೊಟ್ಟಿಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಜನಕ್ಕೇ ಜಾಗ ಇಲ್ಲ ಕಣಮ್ಮ, ತೊಟ್ಲು ಬೇರೆ," ಎಂದರು ಕಂಡಕ್ಟರ್.

"ಸಾಯಂಕಾಲ ಮೊಮ್ಮಗಳ ಮಗೀಗೆ ನಾಮಕರಣ. ಬುಟ್ಟೋಗಕ್ಕಾಯ್ತದಾ?"

ತೊಟ್ಟಿಲು ಎಲ್ಲರ ತಲೆಯ ಮೇಲೆ ಕೈಯಿಂದ ಕೈಗೆ ಸಾಗಿ ಹಿಂದಿನ ಸೀಟಿನಲ್ಲಿದ್ದ ನನ್ನ ಕಾಲ ಬಳಿ ಇಳಿಯಿತು. ಹಿಂದೆಯೇ ಬಂದ ಅಜ್ಜಿ ಚೀಲದಿಂದ ಒರಳಿನ ಗುಂಡುಕಲ್ಲು ತೆಗೆದು, ಅದಕ್ಕೊಂದು ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು. ಬಸ್ಸು ಅಲುಗಾಡುತ್ತದೆ, ಖಾಲಿ ತೊಟ್ಟಿಲು ತೂಗಬಾರದು.

"ನಂಗೆ ಎಂಟು ಮಕ್ಳು," ಎಂದರು ನನ್ನತ್ತ ತಿರುಗಿ. "ಅವರೆಲ್ಲ ಎರಡೆರಡಕ್ಕೆ ನಿಲ್ಸುದ್ರು. ಮೊಮ್ಮಕ್ಳು ಒಂದೇ ಸಾಕು ಅಂತವೆ. ಇನ್ನು ತೊಟ್ಲು ಅಟ್ಟಕ್ಕೇ ಅಂದ್ಕೊಂಡಿದ್ದೆ."

"ಆಮೇಲೆ?"

"ಒಂದೊಂದೇ ಆದ್ರೂ ಹದಿನಾರು ಮನೆ ಅಲ್ವಾ? ಅಟ್ಟ ಎಲ್ಲಿ ಹತ್ತತ್ತೆ?"

ಹೆರಿಗೆ ಕಡಿಮೆಯಾದ ದಿನವೇ ಜನ ಹೆಚ್ಚುವುದೂ ನಿಲ್ಲುತ್ತದೆಂದು ನಾನು ನಂಬಿದ್ದೆ. ಎಂದೋ ಆದ ಎಂಟು ಹೆರಿಗೆಗಳು ಈ ತೊಟ್ಟಿಲನ್ನು ಇನ್ನೂ ತೂಗುತ್ತಿದ್ದವು.

ಇಲವಾಲದಲ್ಲಿ ಇಬ್ಬರು ಪ್ರಯಾಣಿಕರು ಹೇಳದೆಯೇ ತೊಟ್ಟಿಲು ಇಳಿಸಿಕೊಟ್ಟರು. ಅಲ್ಲಿ ಕಾದು ನಿಂತಿದ್ದ ಇನ್ನೊಬ್ಬ ಮೊಮ್ಮಗಳು ತುಂಬು ಬಸುರಿ. ತೊಟ್ಟಿಲ ಅಂಚು ಸವರುತ್ತ, "ಅಜ್ಜಿ, ಇಲ್ಲಿಂದ ನಮ್ಮನೆಗೆ ತಾನೇ?" ಎಂದಳು.

"ನಿಮ್ಮ ಚಿಕ್ಕಪ್ಪನ ಮಗಳನ್ನ ಕೇಳು. ಮುಂದಿನ ಸರದಿ ತಂದು ಅಂತ ಅವಳು ಮೊದ್ಲೇ ಹೇಳಿಟ್ಟವ್ಳೆ," ಎಂದ ಅಜ್ಜಿ, ಗುಂಡುಕಲ್ಲನ್ನು ಸೊಂಟಕ್ಕೇರಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆದರು.