ನಾಗತ್ತೆಯ ಪಾದ, ನನ್ನ ಅಂಗಾಲು

ದೆವ್ವಕ್ಕೆ ಕಾಲು ಹಿಂದುಮುಂದಾಗಿರುತ್ತದೆ ಎಂದು ಯಾರಾದರೂ ಹೇಳಿದರೆ, ‘ಹಾಗಾದರೆ ಅಳತೆ ಕೊಡಲು ನನ್ನ ಅಂಗಡಿಗೇ ಕಳಿಸಿ’ ಎನ್ನುವವಳು ನಾನು. ಕಾರವಾರದಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಕೊಡುವುದು ನನ್ನ ಕಸುಬು. ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇಂಥದ್ದನ್ನೆಲ್ಲ ಕೇಳಿ ನಕ್ಕು ಬೆಳೆದವಳು. ಈಗಲೂ ನಗುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಯಾಕೆಂದು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಸಕ್ಕರೆ ಕಾಯಿಲೆ ಹಳತಾದರೆ ಕೆಲವರ ಪಾದ ಮರಗಟ್ಟುತ್ತದೆ. ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿನೀರು ಸುಟ್ಟರೂ ಗೊತ್ತಾಗುವುದಿಲ್ಲ. ಅದನ್ನು ಪರೀಕ್ಷಿಸಲು ನನ್ನ ಬಳಿ ಒಂದು ತುಂಡು ನೈಲಾನ್ ದಾರವಿದೆ, ನಮ್ಮ ಕಡೆ ಗಾಳಕ್ಕೆ ಕಟ್ಟುವ ದಾರದಂಥದ್ದೇ. ಬಂದವರಿಗೆ ಕಣ್ಣು ಮುಚ್ಚಲು ಹೇಳಿ, ಅಂಗಾಲಿನ ಒಂದೊಂದೇ ಜಾಗಕ್ಕೆ ಅದರ ತುದಿಯನ್ನು ಒತ್ತುತ್ತೇನೆ. ದಾರ ಬಾಗಬೇಕು, ಅಷ್ಟೇ. ಗೊತ್ತಾದವರು ‘ಹ್ಞಾ’ ಎನ್ನುತ್ತಾರೆ. ಗೊತ್ತಾಗದವರು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇರುತ್ತಾರೆ, ನಾನಿನ್ನೂ ಶುರುವೇ ಮಾಡಿಲ್ಲ ಎಂದುಕೊಂಡು. ಹಾಗೆ ಕಾಯುವ ಮುಖ ನೋಡುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ನರ ಸುದ್ದಿ ತಲುಪಿಸಿದರೆ ಉಂಟು, ಇಲ್ಲವಾದರೆ ಇಲ್ಲ. ನಾನು ಕಲಿತದ್ದು ಇಷ್ಟು, ನಂಬಿದ್ದೂ ಇಷ್ಟೇ.

ನಾಗತ್ತೆ ನನ್ನ ಅಪ್ಪನ ಅಕ್ಕ. ಮಂಜಗುಣಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ತುಂಬಿದ ಮನೆಯಲ್ಲಿದ್ದಾಳೆ. ಗದ್ದೆ ಕೆಲಸವಿಲ್ಲದ ದಿನಗಳಲ್ಲಿ ಗಂಗಾವಳಿಯ ನೀರಿಳಿದಾಗ ಹೊಳೆಗಿಳಿದು ಬಳಚು ಹೆಕ್ಕುವುದು ಅವಳ ಕೆಲಸವಾಗಿತ್ತು. ಬಳಚು ಅಂದರೆ ಕಾರವಾರದ ಕಡೆಯವರು ತಿಸ್ರೆ ಎನ್ನುವ ಚಿಪ್ಪಿಯ ಜಾತಿಯದೇ. ಅದನ್ನು ಕಣ್ಣಿಂದ ಹುಡುಕಲು ಬರುವುದಿಲ್ಲ, ನೀರು ಕಲಕಿ ಏನೂ ಕಾಣದು. ಅಂಗಾಲಿನಿಂದ ಕೆಸರನ್ನು ತಡವುತ್ತ ಹೋಗಬೇಕು. ಚಿಪ್ಪಿನ ಅಂಚು ತಾಗಿದ ಕಡೆ ಬಗ್ಗಿ ಕೈ ಹಾಕಬೇಕು. ಹೊಳೆಯಲ್ಲಿ ಹೆಂಗಸರು ಸಾಲಾಗಿ ನಿಂತು ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರೂ ಕಾಲು ಮಾತ್ರ ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ‘ನಂಗೆ ಎರಡ್ ಕಣ್ಣ್ ಮೇಲೆ, ಎರಡ್ ಕಣ್ಣ್ ಕೆಳ್ಗೆ’ ಎಂದು ಅವಳು ಹೇಳುತ್ತಿದ್ದಳು.

ಆ ಕೆಳಗಿನ ಕಣ್ಣುಗಳೇ ಹೋದವು. ಚಪ್ಪಲಿಯೊಳಗೆ ಸೇರಿದ ಮೊಳೆಯೊಂದನ್ನು ಇಡೀ ದಿನ ತುಳಿದುಕೊಂಡೇ ಓಡಾಡಿದ್ದಳು. ನೆಲದ ಮೇಲೆ ರಕ್ತದ ಗುರುತು ಕಂಡ ಮೇಲೆಯೇ ಮನೆಯವರಿಗೆ ತಿಳಿದದ್ದು. ಗಾಯ ಕೊಳೆತು ಎಡಗಾಲಿನ ಎರಡನೇ ಬೆರಳನ್ನು ತೆಗೆಯಬೇಕಾಯಿತು. ಇನ್ನೊಂದು ಗಾಯವಾದರೆ ಪಾದವೇ ಉಳಿಯುವುದಿಲ್ಲ ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದರು. ಹೊಳೆ ಬಂದ್. ಬೆರಳು ಹೋದದ್ದಕ್ಕೆ ಅಳದ ಅತ್ತೆ ಹೊಳೆ ಹೋದದ್ದಕ್ಕೆ ಅತ್ತಳು. ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು: ‘ಒಂದ್ಸಲ ಇಳ್ದು ಬತ್ತೆ ಮಗಾ. ಒಂದೇ ಸಲ.’

ಕೊನೆಗೆ ಸೋತವಳು ನಾನೇ. ದಪ್ಪ ರಬ್ಬರ್ ತಳ ಹಾಕಿ ಅವಳ ಅಳತೆಗೆ ನೀರಿನಲ್ಲಿ ತೊಡುವ ಬೂಟು ಹೊಲಿದೆ. ಅದನ್ನು ಹಾಕಿಕೊಂಡು, ನನ್ನ ಕೈ ಹಿಡಿದುಕೊಂಡು, ದೋಣಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ನಿಲ್ಲುವುದು ಎಂದು ಒಪ್ಪಂದವಾಯಿತು. ಚಳಿಗಾಲದ ಒಂದು ಬೆಳಿಗ್ಗೆ ಮಂಜಗುಣಿಗೆ ಹೋದೆ. ಹೊರಡುವ ಮುಂಚೆ ಜಗಲಿಯಲ್ಲಿ ಕೂರಿಸಿ ದಾರ ಮುಟ್ಟಿಸಿದೆ. ಎರಡೂ ಪಾದಗಳಲ್ಲಿ ಒಂದು ಜಾಗವೂ ‘ಹ್ಞಾ’ ಎನ್ನಲಿಲ್ಲ.

ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಅವರ ಮನೆಯ ಸಣ್ಣ ದೋಣಿ ಕಟ್ಟಿತ್ತು. ನನಗೆ ಕೆಸರೆಂದರೆ ಆಗದು. ಹಾಗಾಗಿ ಕಾಲುಚೀಲ, ಬೂಟು ಹಾಕಿಕೊಂಡೇ ದೋಣಿಯ ಒಣ ಹಲಗೆಯ ಮೇಲೆ ಕೂತೆ. ‘ಪ್ಯಾಟೆ ಕಾಲು’ ಎಂದು ಅತ್ತೆ ನಕ್ಕಳು. ಅವಳು ನೀರಿಗಿಳಿದಳು, ಅವಳ ಎಡಗೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಾಲ್ಕು ಹೆಜ್ಜೆ ಕೂಡ ಹಾಕಿರಲಿಲ್ಲ, ನನ್ನ ಕೈ ಬಿಟ್ಟು ಎರಡೂ ಬೂಟು ಕಿತ್ತು ದೋಣಿಗೆ ಎಸೆದಳು.

‘ಅತ್ತೆ! ತಲೆ ಕೆಟ್ಟದ್ಯಾ ನಿಂಗೆ? ಮೇಲೆ ಬಾ!’

‘ಬೂಟ್ಸ್ ಹಾಕ್ಕಂಡ್ ಬಳಚು ಹುಡ್ಕೂಕೆ ಆತದ್ಯೇನೆ ಮಾರಾಯ್ತಿ’ ಎಂದು ಮತ್ತೆ ಕೈ ಚಾಚಿದಳು. ಎಳೆದು ಹತ್ತಿಸೋಣವೆಂದೇ ನಾನು ಆ ಕೈ ಹಿಡಿದೆ. ಅಷ್ಟರಲ್ಲಿ ಅವಳ ಮುಖ ಬಾಡಿಹೋಯಿತು. ಕಾಲಿನಿಂದ ಕೆಸರು ತಡವಿ ನೋಡಿ, ಸಣ್ಣ ದನಿಯಲ್ಲಿ, ‘ಏನೂ ಗೊತ್ತಾಗೂದಿಲ್ಲ ಮಗಾ. ನೀರ್ ತಂಪೋ ಬಿಸಿಯೋ, ಅದೂ ಗೊತ್ತಾಗೂದಿಲ್ಲ’ ಎಂದಳು.

ನೀರು ತಂಪಾಗಿತ್ತು. ಅದು ನನಗೆ ಗೊತ್ತಾಯಿತು.

ದೋಣಿಯಲ್ಲಿ ನೀರು ತುಂಬಿದೆಯೆಂದು ಮೊದಲು ಅಂದುಕೊಂಡೆ. ಬಗ್ಗಿ ನೋಡಿದರೆ ನನ್ನ ಕಾಲಡಿಯ ಹಲಗೆ ಒಣಗಿಯೇ ಇತ್ತು, ನನ್ನ ಬೂಟೂ ಒಣಗಿತ್ತು. ಆದರೆ ನನ್ನ ಅಂಗಾಲಿನ ಅಡಿ ಕೆಸರು ಜಾರುತ್ತಿತ್ತು. ಬೆರಳ ಸಂದಿಯಲ್ಲಿ ಮೆತ್ತಗೆ ಹಿಸುಕಿಕೊಂಡು ಮೇಲೆ ಬರುತ್ತಿತ್ತು. ಅತ್ತೆ ಹೆಜ್ಜೆ ಸರಿಸಿದಂತೆಲ್ಲ ಅದೂ ಸರಿಯುತ್ತಿತ್ತು. ಎಡ ಹಿಮ್ಮಡಿಯ ಪಕ್ಕ ಏನೋ ಗುಂಡಗಿನದು, ಗೆರೆಗೆರೆಯಾದದ್ದು ತಾಗಿತು. ನನ್ನ ಬಾಯಿಂದ ತಾನಾಗಿ ಮಾತು ಹೊರಟಿತು: ‘ಅತ್ತೆ, ಎಡಗಾಲ್ ಹಿಮ್ಮಡಿ ಹತ್ರ ಕೈ ಹಾಕು.’

ಹಾಕಿದಳು. ಬಳಚು ಬಂತು. ಅಂಗೈ ತುಂಬುವಷ್ಟು ದೊಡ್ಡದು.

ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆದದ್ದರ ಬಗ್ಗೆ ಮಾತೆತ್ತಿದರೆ ಎಲ್ಲಿ ಹೋಗಿಬಿಡುತ್ತದೋ ಎನಿಸಿತು. ‘ಮುಂದೆ... ಸ್ವಲ್ಪ ಬಲಕ್ಕೆ... ಅಲ್ಲೇ’ ಎಂದು ನಾನು ಹೇಳುತ್ತ ಹೋದೆ, ಅವಳು ತೆಗೆದು ತೆಗೆದು ದೋಣಿಗೆ ಹಾಕುತ್ತ ಹೋದಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಗರ್ಭಗುಡಿಯ ಬಾಗಿಲು ತೆರೆದಾಗ ಸುಮ್ಮನಾಗಿಬಿಡುತ್ತೇವಲ್ಲ, ಅಂಥ ಒಂದು ಭಾವ. ಜೀವಮಾನದಲ್ಲಿ ಬರಿಗಾಲಲ್ಲಿ ಕೆಸರಿಗಿಳಿಯದ ನಾನು ಆ ಹೊಳೆಯ ತಳವನ್ನು ಇಷ್ಟಿಷ್ಟಾಗಿ ತಿಳಿಯುತ್ತಿದ್ದೆ.

ಆಮೇಲೆ ಎಡ ಅಂಗಾಲಿನ ನಡುವೆ ಚುಚ್ಚಿತು. ಮುಳ್ಳಿನಂತಲ್ಲ, ಚೂರಿಯ ತುದಿಯಂತೆ. ಅತ್ತೆ ಆ ಕಾಲಿನ ಮೇಲೆ ಇನ್ನೂ ಪೂರ್ತಿ ಭಾರ ಬಿಟ್ಟಿರಲಿಲ್ಲ. ‘ಕಾಲೆತ್ತು!’ ಎಂದು ಕಿರುಚಿ, ಎರಡೂ ಕೈಯಿಂದ ಅವಳನ್ನು ದೋಣಿಯೊಳಗೆ ಎಳೆದುಕೊಂಡೆ. ದೋಣಿ ಮಗುಚಿಕೊಳ್ಳದಿದ್ದದ್ದೇ ಪುಣ್ಯ. ಪಾದ ಒರೆಸಿ ನೋಡಿದೆ. ನಡುವೆ ಒಂದು ಸಣ್ಣ ತಗ್ಗು ಬಿದ್ದಿತ್ತು, ಚರ್ಮ ಹರಿದಿರಲಿಲ್ಲ. ಅವಳು ನಿಂತಿದ್ದ ಜಾಗದಲ್ಲಿ ದೋಣಿಯ ಹುಟ್ಟುಗೋಲಿನಿಂದ ಕೆದಕಿದೆ. ಒಡೆದ ಬಾಟಲಿಯ ತಳ ಮೇಲೆ ಬಂತು, ಅಂಚು ಮೇಲ್ಮುಖವಾಗಿ. ಅದನ್ನು ನೋಡಿ ನಾನು ಅಳುತ್ತ ಕೂತೆ. ಅತ್ತೆ ನನ್ನ ಬೂಟನ್ನು ಮೆಲ್ಲಗೆ ಬಿಚ್ಚಿ, ನನ್ನ ಒಣ ಕಾಲುಚೀಲವನ್ನು ಮುಟ್ಟಿ ಮುಟ್ಟಿ ನೋಡಿದಳು.

ಬಸ್ಸಿನಲ್ಲಿ ಕಾರವಾರಕ್ಕೆ ಮರಳುವಾಗ ಇನ್ನೊಂದು ಸಂಗತಿ ನೆನಪಿಗೆ ಬಂತು. ಅಷ್ಟು ಹೊತ್ತೂ ನನ್ನ ಎಡಗಾಲಿನ ಎರಡನೇ ಬೆರಳಿಗೆ ಮಾತ್ರ ಕೆಸರು ತಾಗಿರಲಿಲ್ಲ.

ಪರಿಚಯದ ಡಾಕ್ಟರರೊಬ್ಬರಿಗೆ ಹೇಳಿದೆ. ಅವರು ನಗಲಿಲ್ಲ. ನೀವು ಅತ್ತೆಯ ಕೈ ಹಿಡಿದಿದ್ದಿರಿ, ಅವರ ಮೈ ಎಲ್ಲಿ ಸ್ವಲ್ಪ ತಡೆಯಿತು, ಎಲ್ಲಿ ವಾಲಿತು ಎಂಬುದು ಕೈಯ ಮೂಲಕ ನಿಮಗೆ ತಿಳಿದಿರಬಹುದು, ಉಳಿದದ್ದನ್ನು ನಿಮ್ಮ ಮೆದುಳು ತುಂಬಿಕೊಂಡಿರಬಹುದು ಎಂದರು. ಒಳ್ಳೆಯ ವಿವರಣೆ. ನೀರಿನ ತಂಪನ್ನು ಮೆದುಳು ಎಲ್ಲಿಂದ ತಂದಿತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ‘ಕೈ ಹಿಡಿದಿದ್ದಿರಿ’ ಎಂಬ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಅವಳ ಕೈ ಹಿಡಿದು ಅದೆಷ್ಟು ಸಲ ಪ್ರಯತ್ನಿಸಿದೆನೋ! ಬಕೆಟ್ಟಿನ ನೀರು, ಮರಳು, ಬೆಣಚುಕಲ್ಲು, ಎಲ್ಲವೂ ಆಯಿತು. ಒಮ್ಮೆಯೂ ಏನೂ ಆಗಲಿಲ್ಲ. ಅತ್ತೆ ಹೊಳೆಗೆ ಮತ್ತೆ ಇಳಿಯಲಿಲ್ಲ, ಇಳಿಯುತ್ತೇನೆಂದು ಹೇಳಲೂ ಇಲ್ಲ.

ಹೋದ ತಿಂಗಳು ಹೊಸ ಚಪ್ಪಲಿಗೆಂದು ಅಂಗಡಿಗೆ ಬಂದಿದ್ದಳು. ಎಂದಿನಂತೆ ದಾರ ಮುಟ್ಟಿಸಿದೆ, ಎಂದಿನಂತೆ ಅವಳು ಕಾಯುತ್ತ ಕೂತಳು. ಮುಗಿದ ಮೇಲೆ ಆ ದಾರವನ್ನು ನನ್ನ ಕೈಯಿಂದ ಕಿತ್ತುಕೊಂಡು, ‘ದಿನಾ ನಂದೇ ಎಂತಕ್ಕೆ? ಇವತ್ತು ನಿಂದ್ ನಾ ನೋಡ್ತೆ. ಕಣ್ಣ್ ಮುಚ್ಚು’ ಎಂದಳು. ಹಿರಿಯರ ಎದುರು ಕಾಲು ಚಾಚುವುದಾದರೂ ಹೇಗೆ? ಸಂಕೋಚಪಡುತ್ತಲೇ ಎಡ ಪಾದವನ್ನು ಎದುರಿನ ಸ್ಟೂಲಿನ ಮೇಲಿಟ್ಟು ಕಣ್ಣು ಮುಚ್ಚಿದೆ. ಹೆಬ್ಬೆರಳಿನ ಬುಡಕ್ಕೆ ದಾರ ತಾಗಿತು. ‘ಹ್ಞಾ’ ಎಂದೆ. ಅಂಗಾಲಿನ ಅಂಚಿಗೆ ತಾಗಿತು. ‘ಹ್ಞಾ.’ ಹಿಮ್ಮಡಿಯ ಹತ್ತಿರ. ‘ಹ್ಞಾ.’ ಆಮೇಲೆ ಅತ್ತೆ ಉಸಿರನ್ನು ಒಳಗೆಳೆದುಕೊಂಡದ್ದು ಕೇಳಿಸಿತು. ಕಣ್ಣು ಬಿಟ್ಟೆ.

ಅತ್ತೆ ನನ್ನಿಂದ ಒಂದು ಮಾರು ದೂರದಲ್ಲಿ, ತನ್ನ ಬೆಂಚಿನ ಮೇಲೆಯೇ ಕೂತಿದ್ದಳು. ತನ್ನ ಎಡಗಾಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದಳು. ದಾರದ ತುದಿ ಅವಳ ಹಿಮ್ಮಡಿಯ ಮೇಲೆ ಬಾಗಿ ನಿಂತಿತ್ತು.

‘ನಂಗೆ ಗೊತ್ತಾಗೂದಿಲ್ಲ ಮಗಾ’ ಎಂದಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ‘ನಿಂಗೆ ಗೊತ್ತಾತದ್ಯಲ್ಲೆ.’