ಜರ್ಮನಿ ತನಕ ಸಾಕು

ಕೊನೆಯ ಕಿಟಕಿಯ ಪಕ್ಕದ ಬೆಂಚಿಗೆ ಒಂದು ಕಾಲು ಗಿಡ್ಡ. ಅದರಡಿ ಒಡೆದ ಹೆಂಚಿನ ಚೂರು ಇಟ್ಟಿದ್ದಾರೆ. ಒಂಬತ್ತನೇ ತರಗತಿಯ ನಾಲ್ವರು ಮುಸ್ಲಿಂ ಹುಡುಗಿಯರು ಅಲ್ಲಿ ಕೂರುತ್ತಾರೆ. ನಾನು ಸಮಾಜ ವಿಜ್ಞಾನ ಕಲಿಸುವ ಹಿರಿಯೂರಿನ ಆ ಶಾಲೆಯಲ್ಲಿ ಅದರ ಹೆಸರು ‘ಸಾಬರ ಬೆಂಚು’. ಅದು ಬೈಗುಳವಲ್ಲವಂತೆ, ಗುರುತಿಗಷ್ಟೇ ಅಂತೆ. ಸೇರಿದ ಮೊದಲ ತಿಂಗಳು ಕಿರುಪರೀಕ್ಷೆಯ ಆಸನಪಟ್ಟಿಯಲ್ಲಿ ನಾನೂ ಹಾಗೆಯೇ ಬರೆದಿದ್ದೆ, ಗುಂಡಗಿನ ಅಕ್ಷರದಲ್ಲಿ. ಎಂ.ಎ. ಓದಿದವಳು.

ಈ ವರ್ಷ ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಭಾಷಣ ಸ್ಪರ್ಧೆ ಇತ್ತು. ವಿಷಯ, ಜನಾಂಗದ್ವೇಷದ ವಿರುದ್ಧ ದನಿ ಎತ್ತೋಣ. ನಮ್ಮ ಮುಖ್ಯೋಪಾಧ್ಯಾಯರಿಗೆ ಬಹಳ ಹುಮ್ಮಸ್ಸು. ದೂರದವರ ಪಾಪದ ಬಗ್ಗೆ ಮಾತಾಡುವುದೆಂದರೆ ಅವರಿಗೆ ಯಾವಾಗಲೂ ಹುಮ್ಮಸ್ಸೇ. ಜರ್ಮನಿಯಲ್ಲಿ ಯೆಹೂದಿಗಳಿಗೆ ಆದದ್ದನ್ನು ಹೇಳುವಾಗ ಗಂಟಲು ಎಲ್ಲಿ ನಡುಗಬೇಕು, ಕೈ ಎಲ್ಲಿ ಮೇಲೇರಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು.

ಆಯ್ಕೆಯಾದವಳು ಆ ಬೆಂಚಿನ ಒಬ್ಬ ಹುಡುಗಿ. ದನಿ ಚೆನ್ನಾಗಿತ್ತು. ಅವಳು ವೇದಿಕೆಯಲ್ಲಿ ನಿಂತರೆ ಶಾಲೆಗೆ ಒಳ್ಳೆಯ ಹೆಸರು ಎಂಬ ಯೋಚನೆಯೂ ಇತ್ತು. ಸ್ಪರ್ಧೆಯ ಹಿಂದಿನ ದಿನ ಅವಳು ತಾನೇ ಒಂದು ಸಾಲು ಸೇರಿಸಿಕೊಂಡು ಬಂದಳು: ‘ಅಲ್ಲಿ ಯೆಹೂದಿ ಮಕ್ಕಳನ್ನು ಬೇರೆ ಕೂರಿಸುತ್ತಿದ್ದರು, ನಮ್ಮ ತರಗತಿಯಲ್ಲೂ ಒಂದು ಸಾಬರ ಬೆಂಚು ಇದೆ.’

ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ ಹಾಳೆಯನ್ನು ಮುಂದಕ್ಕೆ ತಳ್ಳಿದರು.

“ಜರ್ಮನಿ ತನಕ ಸಾಕು ಬಿಡಮ್ಮ. ನಮ್ಮಲ್ಲಿ ಅಂಥ ಭೇದ ಎಲ್ಲೈತೆ? ಅವರವರೇ ಸೇರ್ಕಂಡು ಕುಂತ್ಕಂತಾರೆ.”

ಜೂನ್‌ನಲ್ಲಿ ಹಾಜರಿ ಪುಸ್ತಕ ನೋಡಿ ಜಾಗ ಗೊತ್ತುಮಾಡಿದ್ದು ತರಗತಿಯ ಶಿಕ್ಷಕರೆಂದು ನನಗೆ ಗೊತ್ತಿತ್ತು. ಆದರೂ ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ. ಅಷ್ಟರಲ್ಲಿ ಅವರು ಬಾಗಿಲ ಕಡೆ ತಿರುಗಿ ಜವಾನನನ್ನು ಕೂಗಿದರು:

“ಲೇ, ಆ ಸಾಬರ ಬೆಂಚಿನ ಹುಡುಗೀನ ಕರ್ಕಂಬಾ.”

ಜವಾನ ಯಾವ ಬೆಂಚು ಎಂದು ಕೇಳಲಿಲ್ಲ. ತಾವು ಆಗಷ್ಟೇ ಇಲ್ಲವೆಂದ ವಸ್ತುವಿನ ಹೆಸರು ತಮ್ಮ ಬಾಯಿಂದಲೇ ಬಂತೆಂಬುದು ಮುಖ್ಯೋಪಾಧ್ಯಾಯರಿಗೆ ತಿಳಿಯಲೂ ಇಲ್ಲ.

ಹುಡುಗಿ ಬಂದಳು. ಆ ಸಾಲು ತೆಗೆದರೆ ಚಿತ್ರದುರ್ಗಕ್ಕೆ ಹೋಗಬಹುದು, ಇಲ್ಲದಿದ್ದರೆ ಬೇರೆಯವಳು ಹೋಗುತ್ತಾಳೆ ಎಂದರು. ಅವಳು ನನ್ನನ್ನು ನೋಡಿದಳು. ನಾನು ವಿವೇಕವಂತೆಯ ಮುಖ ಮಾಡಿಕೊಂಡು, ಈ ಸಲ ಬಿಟ್ಟುಬಿಡು ಎಂದೆ.

“ಹಂಗಾದ್ರೆ ದನಿ ಎತ್ರಿ ಅಂತ ಯಾರಿಗೆ ಹೇಳ್ಲಿ ಮಿಸ್? ಜರ್ಮನಿಯೋರಿಗಾ?”

ಮುಖ್ಯೋಪಾಧ್ಯಾಯರು ನಕ್ಕು, ಹುಡುಗಿ ಚುರುಕು ಎಂದರು. ಕೆಂಪು ಪೆನ್ನನ್ನು ನನಗೆ ಕೊಟ್ಟರು. ಅವಳು ನೋಡುತ್ತಿದ್ದಂತೆಯೇ ಸಾಲನ್ನು ಹೊಡೆದುಹಾಕಿದೆ, ಸ್ಕೇಲ್ ಇಟ್ಟು, ಗೆರೆ ಡೊಂಕಾಗದಂತೆ.

ಮರುದಿನ ಬೆಳಿಗ್ಗೆ ಚಿತ್ರದುರ್ಗದ ಬಸ್ಸು ಬರುವ ಮೊದಲು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕುಳಿತು ಇಡೀ ಭಾಷಣವನ್ನು ಹೊಸ ಹಾಳೆಯಲ್ಲಿ ಬರೆದೆ, ಆ ಸಾಲೂ ಸೇರಿ. ಕೆಳಗೆ, ಸಿದ್ಧಪಡಿಸಿದ ಶಿಕ್ಷಕಿ ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿ, ಸಹಿ ಮಾಡಿ, ಅವಳ ಕೈಗೆ ಕೊಟ್ಟೆ.