ಹೊಸ ಸೈಕಲ್ಲು, ಹಿಟ್ಟಿನ ಡಬ್ಬಿ

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನನ್ನ ಗಂಡ ಹೊಸ ಸೈಕಲ್ಲು ಕೊಂಡರು. ಧಾರವಾಡದ ಪೇಟೆಗೆ ಹೊರಟರೆ ಅವರು ಸೈಕಲ್ಲಿನ ಮೇಲೆ, ನಾನು ಎರಡೂ ಕೈಯಲ್ಲಿ ಚೀಲ ಹಿಡಿದು ಹಿಂದೆ. ಬದನೆಕಾಯಿ ತಗುಲಿದರೆ ಹ್ಯಾಂಡಲ್ಲಿನ ಹೊಳಪು ಹೋಗುತ್ತದಂತೆ! ಒಂದು ದಿನ ಗಿರಣಿಯ ಮುಂದೆ, ಅವರು ಯಾರೊಂದಿಗೋ ಹರಟುತ್ತಿದ್ದಾಗ, ಜೋಳದ ಹಿಟ್ಟಿನ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಬಿಟ್ಟೆ.

"ಏ, ಇಳಸ ಅದನ್ನ! ಸೈಕಲ್ ಹೊಲಸಾಗತೈತಿ!" ಎಂದು ಓಡಿ ಬಂದರು.

"ಹಂಗಾದ್ರ ನೀವ ಹೊತ್ಕೊಂಡು ಬರ್ರಿ. ನನ್ನ ಕೈ ಸೋತಾವ," ಎಂದೆ.

ಸೈಕಲ್ಲಿಗಿಂತ ಮೈಮೇಲಿನ ಕರಿ ಕೋಟು ಅಗ್ಗವೆನಿಸಿತೇನೋ, ಸಿಟ್ಟಿನಿಂದ ಡಬ್ಬಿಯನ್ನು ಹೆಗಲಿಗೇರಿಸಿಯೇಬಿಟ್ಟರು. ಕೋಟಿನ ತುಂಬ ಹಿಟ್ಟು ಸುರಿಯಿತು. ನಾನು ಸೈಕಲ್ಲು ತಳ್ಳಿಕೊಂಡು, ಜನ ಅವರಿಗೆ ದಾರಿ ಬಿಡಲೆಂದು ಗಂಟೆ ಬಾರಿಸುತ್ತ, ಹಾಯಾಗಿ ಹಿಂದೆ ನಡೆದೆ.